ಹೆವಿ ಮೆಟಲ್ ಮತ್ತು ಎಲೆಕ್ಟ್ರಾನಿಕ್ ಸಂಗೀತ ಬೆರೆಸಿ ಮೊದಲ ಆಲ್ಬಂ ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹೊಸ ಬ್ಯಾಂಡ್‌ಗಳು ಈ ಬೆರಕೆಯನ್ನು ಸಾಮಾನ್ಯವಾಗಿ ಹೀಗೆ ಮಾಡುತ್ತವೆ. ಮೊದಲು ಒಂದು ಮೆಟಲ್ ಹಾಡನ್ನು ಪೂರ್ತಿ ಮುಗಿಸುತ್ತಾರೆ. ಆಮೇಲೆ ಖಾಲಿ ಕಂಡ ಕಡೆಯೆಲ್ಲ ಸಿಂತ್ (ಸಿಂಥಸೈಜರ್, ಎಲೆಕ್ಟ್ರಾನಿಕ್ ಆಗಿ ದನಿ ಹುಟ್ಟಿಸುವ ವಾದ್ಯ) ತುಂಬುತ್ತಾರೆ. ಕೇಳಿದರೆ ಎರಡು ಬೇರೆ ಹಾಡುಗಳು ಒಟ್ಟಿಗೆ ಓಡುತ್ತಿರುವ ಹಾಗಿರುತ್ತದೆ. ಗಿಟಾರ್‌ನ ತೂಕವೂ ಹೋಗುತ್ತದೆ, ಸಿಂತ್‌ನ ಹೊಳಪೂ ಹೋಗುತ್ತದೆ.

ಇದಕ್ಕೆ ಕಾರಣ ಸರಳ. ಡಿಸ್ಟಾರ್ಷನ್ (ದನಿಯನ್ನು ಒರಟಾಗಿ, ದಪ್ಪಗೆ ಮಾಡುವ ಎಫೆಕ್ಟ್) ಹಾಕಿದ ಗಿಟಾರ್ ಮತ್ತು ದಪ್ಪನೆಯ ಸಿಂತ್ ಎರಡಕ್ಕೂ ಬೇಕಾಗುವುದು ಒಂದೇ ಜಾಗ, ಅಂದರೆ ಒಂದೇ ಆವರ್ತನ ವಲಯ. ಹಾಗಾಗಿ ಈ ಇಡೀ ಮಾರ್ಗದರ್ಶಿಯಲ್ಲಿ ನಾನು ಹೇಳಹೊರಟಿರುವುದು ಒಂದೇ ಮಾತು: ಹಾಡಿನ ಪ್ರತಿ ಭಾಗದಲ್ಲೂ ಯಾವ ಕೆಲಸ ಯಾರದು ಎಂದು ಮೊದಲೇ ತೀರ್ಮಾನಿಸಿ. ತಳದ ದನಿ ಯಾರದು, ತಾಳ ಯಾರದು, ಹಾರ್ಮನಿ ಯಾರದು, ಮುಂದೆ ನಿಲ್ಲುವುದು ಯಾರು? ಇಷ್ಟು ಗೊತ್ತಾದರೆ ಉಳಿದದ್ದು ತಾಳ್ಮೆಯ ಕೆಲಸ.

ಈ ದಾರಿಯಲ್ಲಿ ಮುಂಚೆ ನಡೆದವರನ್ನು ಕೇಳಿದರೆ ಇದು ಸ್ಪಷ್ಟವಾಗುತ್ತದೆ. ಗಾಡ್‌ಫ್ಲೆಶ್ 1989ರ ತನ್ನ ಮೊದಲ ಪೂರ್ಣ ಆಲ್ಬಂನಲ್ಲಿ ಡ್ರಮ್ಮರ್ ಬದಲು ಡ್ರಮ್ ಮಷೀನ್ ಬಳಸಿತು. ಆ ಯಂತ್ರದ ಗಡಸು ಬಡಿತವೇ ಆ ಆಲ್ಬಂನ ಬೆನ್ನೆಲುಬು. ಫಿಯರ್ ಫ್ಯಾಕ್ಟರಿ 1995ರ ಆಲ್ಬಂನಲ್ಲಿ ಕಿಕ್ ಡ್ರಮ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಮತ್ತು ಗಿಟಾರ್ ಒಂದೇ ಯಂತ್ರದ ಹಾಗೆ ಕೂಡಿ ಬಡಿಯುತ್ತವೆ. ಲಿಂಕಿನ್ ಪಾರ್ಕ್ 2000ದಲ್ಲಿ ತಂದ ಮೊದಲ ಆಲ್ಬಂನಲ್ಲಿ ಸ್ಯಾಂಪಲ್‌ಗಳು (ರೆಕಾರ್ಡ್ ಮಾಡಿಟ್ಟ ದನಿ ತುಣುಕುಗಳು) ಪದ್ಯಭಾಗವನ್ನು ಹೊರುತ್ತವೆ, ಗಿಟಾರ್ ಪಲ್ಲವಿಗೆ ಬಂದು ಅಪ್ಪಳಿಸುತ್ತದೆ. ಮೂರರಲ್ಲೂ ಎಲೆಕ್ಟ್ರಾನಿಕ್ ಭಾಗ ತೆಗೆದರೆ ಹಾಡು ಬಿದ್ದುಹೋಗುತ್ತದೆ. ನಿಮ್ಮ ಆಲ್ಬಂ ಮುಟ್ಟಬೇಕಾದ ಗುರಿ ಅದು.

ಹೆಜ್ಜೆ 1: ಯಾವ ಮೆಟಲ್, ಯಾವ ಎಲೆಕ್ಟ್ರಾನಿಕ್?

"ಮೆಟಲ್ ಪ್ಲಸ್ ಎಲೆಕ್ಟ್ರಾನಿಕ್" ಎಂದರೆ ಏನೂ ಹೇಳಿದಂತಾಗುವುದಿಲ್ಲ. ಟೆಕ್ನೋ ಬೇರೆ, ಡ್ರಮ್ ಆಂಡ್ ಬೇಸ್ ಬೇರೆ, ಡಬ್‌ಸ್ಟೆಪ್ ಬೇರೆ. ಆಯ್ಕೆ ಮಾಡಲು ಒಳ್ಳೆಯ ದಾರಿ ವೇಗ, ಅಂದರೆ ಬಿಪಿಎಂ (ನಿಮಿಷಕ್ಕೆ ಎಷ್ಟು ಬಡಿತ) ನೋಡುವುದು.

ಡ್ರಮ್ ಆಂಡ್ ಬೇಸ್ ಸಾಮಾನ್ಯವಾಗಿ 170ರಿಂದ 176 ಬಿಪಿಎಂನಲ್ಲಿ ಓಡುತ್ತದೆ. ಅದನ್ನು ಅರ್ಧಕ್ಕೆ ಇಳಿಸಿ ಎಣಿಸಿದರೆ 87ರ ಆಸುಪಾಸು. ಮೆಟಲ್ ಬ್ರೇಕ್‌ಡೌನ್‌ಗೆ (ಹಾಡು ನಿಧಾನವಾಗಿ, ಭಾರವಾಗಿ ಬಡಿಯುವ ಭಾಗ) ಹೇಳಿ ಮಾಡಿಸಿದ ವೇಗ ಅದು. ಹಾಗಾಗಿ 174ರಲ್ಲಿ ಬ್ರೇಕ್‌ಬೀಟ್ (ಮುರಿದು ಜೋಡಿಸಿದ ಡ್ರಮ್ ತಾಳ) ಓಡಿಸಿ, ಕ್ಲಿಕ್ (ತಾಳ ತೋರಿಸುವ ಟಿಕ್ ಟಿಕ್ ದನಿ) ಬದಲಿಸದೆಯೇ ಭಾರವಾದ ಬ್ರೇಕ್‌ಡೌನ್‌ಗೆ ಇಳಿಯಬಹುದು. ಡಬ್‌ಸ್ಟೆಪ್ 140 ಬಿಪಿಎಂ. ಆದರೆ ಸ್ನೇರ್ ಡ್ರಮ್ ಮೂರನೇ ಬಡಿತಕ್ಕೆ ಬೀಳುವುದರಿಂದ 70ರ ಹಾಗೆ ಅನ್ನಿಸುತ್ತದೆ. ಇದೂ ನಿಧಾನವಾದ ಮೆಟಲ್ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಗಿಟಾರ್ ಸಾಲು) ಜೊತೆ ಸಲೀಸಾಗಿ ಕೂರುತ್ತದೆ. ಟೆಕ್ನೋ 125ರಿಂದ 135ರ ಸುತ್ತ ಇರುತ್ತದೆ, ಪ್ರತಿ ಬಡಿತಕ್ಕೂ ಕಿಕ್. ಇದಕ್ಕೆ ಒಂದೇ ರಿಫ್ ಹಿಡಿದು ಕುಟ್ಟುವ ಇಂಡಸ್ಟ್ರಿಯಲ್ ಶೈಲಿ ಚೆನ್ನಾಗಿ ಒಪ್ಪುತ್ತದೆ, ಗಳಿಗೆಗೊಂದು ರಿಫ್ ಬದಲಿಸುವ ಥ್ರ್ಯಾಶ್ ಅಷ್ಟಾಗಿ ಒಪ್ಪುವುದಿಲ್ಲ.

ಮೊದಲ ಆಲ್ಬಂಗೆ ಒಂದು ಮೆಟಲ್ ಶೈಲಿ, ಒಂದು ಅಥವಾ ಹೆಚ್ಚೆಂದರೆ ಎರಡು ಎಲೆಕ್ಟ್ರಾನಿಕ್ ಶೈಲಿ ಸಾಕು. ಹತ್ತು ಹಾಡಲ್ಲಿ ಹತ್ತು ಬಗೆ ತೋರಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದನ್ನು ಬಿಡಿ. ಕೇಳುಗರಿಗೆ ನೀವು ಯಾರು ಅಂತ ಗೊತ್ತಾಗಬೇಕಾದ ಆಲ್ಬಂ ಇದು, ಅಲ್ವಾ?

ಹೆಜ್ಜೆ 2: ದನಿಗಳ ಪಟ್ಟಿ ಚಿಕ್ಕದಿರಲಿ

ಇಡೀ ಆಲ್ಬಂಗೆ ಬಳಸುವ ದನಿಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಒಂದು ಮುಖ್ಯ ರಿದಮ್ ಗಿಟಾರ್ ಟೋನ್. ಒಂದು ಸಬ್ ಬೇಸ್ (ಅತಿ ತಳದ ದನಿ). ಎರಡು ಮೂರು ಸಿಂತ್ ದನಿಗಳು. ಒಂದು ಡ್ರಮ್ ಕಿಟ್, ಜೊತೆಗೆ ಒಂದು ಗುಂಪು ಎಲೆಕ್ಟ್ರಾನಿಕ್ ಬಡಿತಗಳು. ಸಾಫ್ಟ್‌ವೇರ್ ಸಿಂತ್‌ನಲ್ಲಿ ಸಾವಿರಾರು ಪ್ರಿಸೆಟ್ (ಸಿದ್ಧ ದನಿಗಳು) ಇರುತ್ತವೆ, ಒಂದೊಂದನ್ನೂ ತಿರುಗಿಸುತ್ತಾ ಕೂತರೆ ಹಾಡು ಮುಗಿಯುವುದೇ ಇಲ್ಲ.

ಸಿಂತ್ ಆರಿಸುವಾಗ ಗಿಟಾರ್‌ಗಿಂತ ಬೇರೆಯಾಗಿ ಕೇಳುವುದನ್ನೇ ಆರಿಸಿ. ಸಾ-ಟೂತ್ (ಗರಗಸದ ಹಲ್ಲಿನಾಕಾರದ) ಅಲೆಯ ಸಿಂತ್‌ಗೆ ಡಿಸ್ಟಾರ್ಷನ್ ಹಾಕಿದರೆ ಅದು ಹೆಚ್ಚುಕಮ್ಮಿ ಗಿಟಾರ್‌ನ ಜಾಗದಲ್ಲೇ ಬಂದು ಕೂರುತ್ತದೆ. ಒಂಟಿಯಾಗಿ ಕೇಳಿದಾಗ ಅದ್ಭುತ ಅನ್ನಿಸುತ್ತದೆ, ರಿಫ್ ಬಂದ ಕೂಡಲೇ ಮಾಯ. ಅದರ ಬದಲು ಗಂಟೆಯಂತೆ ಕೇಳುವ ಎಫ್‌ಎಂ ದನಿ (ಒಂದು ಅಲೆಯಿಂದ ಇನ್ನೊಂದರ ಆವರ್ತನ ಬದಲಿಸಿ ಹುಟ್ಟಿಸಿದ್ದು), ಚೂಪಾದ ಆರ್ಪೆಜಿಯೋ (ಕಾರ್ಡ್‌ನ ಸ್ವರಗಳನ್ನು ಒಂದೊಂದಾಗಿ ನುಡಿಸುವುದು), ಶುದ್ಧ ಸೈನ್ ಅಲೆ, ಬರೀ ನಾಯ್ಸ್ ಇವು ಗಿಟಾರ್ ನಡುವೆಯೂ ಎದ್ದು ಕಾಣುತ್ತವೆ.

ಹೆಜ್ಜೆ 3: ಹಾಡು ಕಟ್ಟುವುದು

ರಿಫ್ ಮತ್ತು ಬೀಟ್ ಒಟ್ಟಿಗೇ ಹುಟ್ಟಲಿ. ನಾಲ್ಕು ಬಾರ್‌ನ (ನಾಲ್ಕು ತಾಳಾವರ್ತದ) ಲೂಪ್ ಹಾಕಿ. ಅದರಲ್ಲಿ ಕಿಕ್, ಸಬ್ ಬೇಸ್ ಮತ್ತು ಗಿಟಾರ್ ಮೂರನ್ನೂ ಒಂದೇ ಸಲ ಕೂತು ಬರೆಯಿರಿ. ಸಿಂತ್ ಆರ್ಪೆಜಿಯೋ ಹದಿನಾರನೇ ಸ್ವರಗಳಲ್ಲಿ (ಒಂದು ಬಡಿತಕ್ಕೆ ನಾಲ್ಕು) ಓಡುತ್ತಿದ್ದರೆ ಗಿಟಾರ್ ತುಂಡು ತುಂಡಾಗಿ ಕುಟ್ಟಲಿ. ಗಿಟಾರ್ ವೇಗವಾಗಿ ಓಡುತ್ತಿದ್ದರೆ ಸಿಂತ್ ಉದ್ದನೆಯ ಒಂದು ಸ್ವರ ಹಿಡಿದು ನಿಲ್ಲಲಿ. ಇಬ್ಬರೂ ಓಡಿದರೆ ಬರೀ ಗದ್ದಲ.

ಹಾರ್ಮನಿ ವಿಷಯಕ್ಕೆ ಬರೋಣ. ಇಲ್ಲಿ ಸಿಂತ್ ನಿಮಗೆ ಕೊಡುವ ಉಡುಗೊರೆ ದೊಡ್ಡದು. ಡಿಸ್ಟಾರ್ಷನ್ ಎರಡು ಸ್ವರಗಳನ್ನು ಸುಮ್ನೆ ಜೋರು ಮಾಡುವುದಿಲ್ಲ, ಅವುಗಳ ಮೊತ್ತ ಮತ್ತು ವ್ಯತ್ಯಾಸದ ಹೊಸ ಸ್ವರಗಳನ್ನೂ ಹುಟ್ಟಿಸುತ್ತದೆ. ಪವರ್ ಕಾರ್ಡ್‌ನಲ್ಲಿರುವುದು ಮೂಲ ಸ್ವರ ಮತ್ತು ಐದನೇ ಸ್ವರ, 2:3ರ ಅನುಪಾತ. 200 ಮತ್ತು 300 ಹರ್ಟ್ಜ್ ನುಡಿಸಿದರೆ ವ್ಯತ್ಯಾಸ 100 ಹರ್ಟ್ಜ್, ಅಂದರೆ ಮೂಲ ಸ್ವರದ ಕೆಳಗಿನ ಆಕ್ಟೇವ್. ಪವರ್ ಕಾರ್ಡ್ ಅಷ್ಟು ದೊಡ್ಡದಾಗಿ ಕೇಳುವುದು ಇದರಿಂದಲೇ. ಮೇಜರ್ ಅಥವಾ ಮೈನರ್ ಮೂರನೇ ಸ್ವರ ಸೇರಿಸಿದರೆ ಹುಟ್ಟುವ ಸ್ವರಗಳು ಶ್ರುತಿಗೆ ಕೂರುವುದಿಲ್ಲ, ದನಿ ರಾಡಿಯಾಗುತ್ತದೆ. ಆದ್ದರಿಂದ ಗಿಟಾರ್‌ಗೆ ಪವರ್ ಕಾರ್ಡ್ ಬಿಡಿ, ಮೂರನೇ ಸ್ವರವನ್ನು ಸಿಂತ್‌ಗೆ ಕೊಡಿ. ಗಿಟಾರ್ ಹಿಡಿದದ್ದನ್ನೇ ಹಿಡಿದಿರುವಾಗ ಸಿಂತ್ ಮಾತ್ರ ಮೈನರ್‌ನಿಂದ ಮೇಜರ್‌ಗೆ ಜಾರಿದರೆ ಹಾಡಿನ ಬಣ್ಣವೇ ಬದಲಾಗುತ್ತದೆ. ಬರೀ ಗಿಟಾರ್ ಇಟ್ಟುಕೊಂಡು ಇದನ್ನು ಮಾಡುವುದು ಬಹಳ ಕಷ್ಟ.

ಇನ್ನು ಡ್ರಾಪ್, ಅಂದರೆ ತಡೆದಿಟ್ಟ ದನಿಗಳೆಲ್ಲ ಒಮ್ಮೆಗೇ ಅಪ್ಪಳಿಸುವ ಗಳಿಗೆ. ಮೆಟಲ್ ಗಿಟಾರ್ ಶುರುವಿನಿಂದಲೇ ಜೋರು. ಡಿಸ್ಟಾರ್ಷನ್ ಎಂದರೆ ಒಂದು ಬಗೆಯ ಕಂಪ್ರೆಷನ್, ಮೆಲ್ಲಗೆ ಹೊಡೆದರೂ ಗಟ್ಟಿಯಾಗಿ ಹೊಡೆದರೂ ಮಟ್ಟ ಹೆಚ್ಚು ಬದಲಾಗುವುದಿಲ್ಲ. ಹಾಗಾದರೆ ಡ್ರಾಪ್ ಬಂದಾಗ ಇನ್ನೂ ಜೋರು ಮಾಡುವುದು ಎಲ್ಲಿಂದ? ಅದಕ್ಕೆ ಮುಂಚಿನ ಭಾಗವನ್ನು ಬಡವಾಗಿಸಬೇಕು. ಡ್ರಾಪ್‌ಗೆ ಎರಡು ಬಾರ್ ಮೊದಲು ತಳದ ದನಿಯನ್ನೆಲ್ಲ ತೆಗೆಯಿರಿ. ಅಗಲವಾಗಿದ್ದ ಗಿಟಾರನ್ನು ಮಧ್ಯಕ್ಕೆ ಎಳೆದು ಫಿಲ್ಟರ್ ಹಾಕಿ. ಕೊನೆಯ ಬಡಿತಕ್ಕೆ ಪೂರ್ತಿ ಮೌನ. ಆಮೇಲೆ ಎಲ್ಲವೂ ಒಮ್ಮೆಗೇ, ಅಗಲವಾಗಿ, ತಳದ ಸಮೇತ ಬರಲಿ. ಮೀಟರ್‌ನಲ್ಲಿ ಮಟ್ಟ ಹೆಚ್ಚು ಏರದಿದ್ದರೂ ಕಿವಿಗೆ ಎರಡರಷ್ಟು ದೊಡ್ಡದಾಗಿ ಕೇಳುತ್ತದೆ.

ಡೆಮೊ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಗಿಟಾರ್ ಮ್ಯೂಟ್ ಮಾಡಿ ಕೇಳಿ. ಆಮೇಲೆ ಸಿಂತ್ ಮ್ಯೂಟ್ ಮಾಡಿ ಕೇಳಿ. ಯಾವುದನ್ನು ತೆಗೆದಾಗ ಹಾಡಿಗೆ ಏನೂ ಆಗಲಿಲ್ಲವೋ ಅದು ಅಲಂಕಾರ. ಅದನ್ನು ಅಳಿಸಿ, ಇಲ್ಲವೇ ಅದಕ್ಕೊಂದು ನಿಜವಾದ ಕೆಲಸ ಕೊಡಿ.

ಹೆಜ್ಜೆ 4: ತಳದ ದನಿ ಯಾರದು?

ಈ ಬಗೆಯ ಆಲ್ಬಂ ಗೆಲ್ಲುವುದೂ ಸೋಲುವುದೂ ಇಲ್ಲಿ. ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

ಸಾಮಾನ್ಯ ಟ್ಯೂನಿಂಗ್‌ನಲ್ಲಿ ಗಿಟಾರ್‌ನ ದಪ್ಪ ತಂತಿ ಸುಮಾರು 82 ಹರ್ಟ್ಜ್. ಡ್ರಾಪ್ ಸಿ ಟ್ಯೂನಿಂಗ್‌ಗೆ (ಆ ತಂತಿಯನ್ನು ಸಿ ಸ್ವರಕ್ಕೆ ಸಡಿಲಿಸುವುದು) ಇಳಿಸಿದರೆ 65. ಡ್ರಾಪ್ ಎ ಆದರೆ 55. ಡ್ರಾಪ್ ಸಿ ಹಾಡಿನಲ್ಲಿ ಬೇಸ್ ಗಿಟಾರ್ ಒಂದು ಆಕ್ಟೇವ್ ಕೆಳಗೆ, ಅಂದರೆ 33 ಹರ್ಟ್ಜ್ ಹತ್ತಿರ. ಕಿಕ್ ಡ್ರಮ್‌ನ ತೂಕ 50ರಿಂದ 60ರ ನಡುವೆ. ಇದರ ಮೇಲೆ ಸಿಂತ್ ಸಬ್ ಕೂಡ ಬಂದು ಕೂತರೆ ನಾಲ್ವರು ಒಂದೇ ಮೂಲೆಯಲ್ಲಿ ಸೇರಿದಂತಾಯಿತು. ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು, ಇಲ್ಲಂತೂ ನಾಲ್ಕು.

ಮೊದಲು ಗಿಟಾರನ್ನು ಹೊರಗೆ ಕಳಿಸಿ. 80ರಿಂದ 100 ಹರ್ಟ್ಜ್ ಕೆಳಗಿನದನ್ನು ಹೈ-ಪಾಸ್ ಫಿಲ್ಟರ್‌ನಿಂದ ಕತ್ತರಿಸಿ. ಗಿಟಾರ್ ಒಂದನ್ನೇ ಕೇಳಿದಾಗ ತೆಳ್ಳಗಾಯಿತು ಅನ್ನಿಸುತ್ತದೆ. ಚಿಂತೆ ಬೇಡ. ಬೇಸ್ ಸೇರಿದಾಗ ಆ ತೂಕವನ್ನು ಕಿವಿ ಗಿಟಾರ್‌ನದೇ ಎಂದು ತಿಳಿಯುತ್ತದೆ.

ಬೇಸ್ ಗಿಟಾರ್ ಮತ್ತು ಸಿಂತ್ ಸಬ್ ನಡುವೆ ಒಂದನ್ನು ಆರಿಸಿ. ಇಡೀ ಹಾಡಿಗೆ ಒಂದೇ ಆಗಬೇಕೆಂದಿಲ್ಲ, ಪದ್ಯದಲ್ಲಿ ಸಬ್, ಪಲ್ಲವಿಯಲ್ಲಿ ಬೇಸ್ ಗಿಟಾರ್ ಇರಬಹುದು. ಎರಡೂ ಒಟ್ಟಿಗೆ ಬೇಕೇ ಬೇಕು ಅಂದರೆ ಹಂಚಿ. 80 ಹರ್ಟ್ಜ್ ಕೆಳಗೆ ಸಿಂತ್ ಸಬ್, ಶುದ್ಧವಾಗಿ, ಮೋನೋದಲ್ಲಿ (ಎಡ ಬಲ ಎರಡಕ್ಕೂ ಒಂದೇ ದನಿ). ಅದರ ಮೇಲೆ ಬೇಸ್ ಗಿಟಾರ್, ಡಿಸ್ಟಾರ್ಷನ್ ಸಮೇತ. ಫೋನ್ ಸ್ಪೀಕರ್‌ಗಳು 100 ಹರ್ಟ್ಜ್ ಕೆಳಗಿನದನ್ನು ಕೇಳಿಸುವುದೇ ಇಲ್ಲ ಎನ್ನಬಹುದು. ಆ ಡಿಸ್ಟಾರ್ಷನ್‌ನ ಮೇಲಿನ ಹಾರ್ಮಾನಿಕ್‌ಗಳಿಂದಲೇ ಫೋನ್‌ನಲ್ಲಿ ಕೇಳುವವರಿಗೆ ಬೇಸ್ ಇದೆ ಅಂತ ಗೊತ್ತಾಗುವುದು.

ಕಿಕ್‌ಗೂ ಶ್ರುತಿ ಇದೆ. ಸಿ ಹಾಡಿನಲ್ಲಿ ಕಿಕ್ ಸ್ಯಾಂಪಲನ್ನು ಐದನೇ ಸ್ವರವಾದ ಜಿಗೆ, ಅಂದರೆ 49 ಹರ್ಟ್ಜ್‌ಗೆ ಟ್ಯೂನ್ ಮಾಡಿ ನೋಡಿ. ಬೇಸ್‌ನ 33 ಮತ್ತು 65ರ ನಡುವಿನ ಜಾಗದಲ್ಲಿ ಅದು ಬಂದು ಕೂರುತ್ತದೆ.

ಕಿಕ್ ಬಿದ್ದಾಗ ಬೇಸ್ ತಗ್ಗಲು ಸೈಡ್‌ಚೈನ್ ಕಂಪ್ರೆಷನ್ ಹಾಕಿ. ಇಲ್ಲಿ ಲೆಕ್ಕ ಬೇಕಾಗುತ್ತದೆ. 180 ಬಿಪಿಎಂನಲ್ಲಿ ಡಬಲ್ ಬೇಸ್ (ಎರಡೂ ಕಾಲಿನಿಂದ ಹೊಡೆಯುವ ಕಿಕ್) ಹದಿನಾರನೇ ಸ್ವರಗಳಲ್ಲಿ ಓಡಿದರೆ ಒಂದು ಕಿಕ್‌ನಿಂದ ಇನ್ನೊಂದಕ್ಕೆ ಇರುವ ಅಂತರ ಬರೀ 83 ಮಿಲಿಸೆಕೆಂಡ್. ಕಂಪ್ರೆಸರ್‌ನ ರಿಲೀಸ್ (ತಗ್ಗಿಸಿದ ದನಿ ಮತ್ತೆ ಏರಲು ಹಿಡಿಯುವ ಸಮಯ) 150 ಮಿಲಿಸೆಕೆಂಡ್ ಇಟ್ಟಿದ್ದರೆ ಬೇಸ್ ತಲೆ ಎತ್ತುವುದೇ ಇಲ್ಲ. ಅಂಥ ಕಡೆ ರಿಲೀಸ್ 50ಕ್ಕಿಂತ ಕೆಳಗಿರಲಿ, ಅಥವಾ ಸೈಡ್‌ಚೈನ್ ಬಿಟ್ಟು ಕಿಕ್‌ನ ತಳವನ್ನೇ ಕಡಿಮೆ ಮಾಡಿ. ಇದೇ ಕಾರಣಕ್ಕೆ 808 ಡ್ರಮ್ ಮಷೀನ್‌ನದರಂಥ ಉದ್ದ ಬಾಲದ ಕಿಕ್ ವೇಗದ ಭಾಗಗಳಿಗೆ ಆಗುವುದಿಲ್ಲ, ಒಂದರ ಬಾಲ ಇನ್ನೊಂದರ ತಲೆಯನ್ನು ನುಂಗುತ್ತದೆ. ಅದನ್ನು ಅರ್ಧ ವೇಗದ ಬ್ರೇಕ್‌ಡೌನ್‌ಗೆ ಮೀಸಲಿಡಿ. ಅಲ್ಲಿ ಅದರ ಮುಂದೆ ನಿಲ್ಲುವ ದನಿ ಇನ್ನೊಂದಿಲ್ಲ.

ಹೆಜ್ಜೆ 5: ಡ್ರಮ್ಸ್

ಡ್ರಮ್ಮರ್ ಇದ್ದರೆ ಅವರಿಗೆ ಬರೀ ಕ್ಲಿಕ್ ಕೊಡಬೇಡಿ, ಸಿಂತ್ ಗೈಡ್ ಟ್ರ್ಯಾಕ್ ಕೂಡ ಕಿವಿಗೆ ಹಾಕಿ. ಆರ್ಪೆಜಿಯೋ ಜೊತೆ ನುಡಿಸಿದಾಗ ಕೈ ಕೂರುವ ರೀತಿಯೇ ಬೇರೆ. ಪ್ರೋಗ್ರಾಂ ಮಾಡುವುದಾದರೆ ಒಂದು ನಿರ್ಧಾರ ಬೇಕು: ಇದು ಮನುಷ್ಯನಂತೆ ಕೇಳಬೇಕೋ, ಯಂತ್ರದಂತೆಯೋ? ಮನುಷ್ಯನಂತೆ ಬೇಕಿದ್ದರೆ ಪ್ರತಿ ಬಡಿತದ ವೆಲಾಸಿಟಿ (ಹೊಡೆತದ ಬಲ) ಬೇರೆ ಇರಲಿ. ಕೈ ಇರುವುದು ಎರಡೇ ಎನ್ನುವುದನ್ನು ಮರೆಯಬೇಡಿ, ಸ್ನೇರ್, ಕ್ರ್ಯಾಶ್ ಮತ್ತು ಹೈ-ಹ್ಯಾಟ್ ಮೂರನ್ನೂ ಒಟ್ಟಿಗೆ ಕೋಲಿನಿಂದ ಹೊಡೆಯಲು ಯಾರಿಂದಲೂ ಆಗದು. ಯಂತ್ರದಂತೆ ಬೇಕಿದ್ದರೆ ನಾಚಿಕೆ ಬೇಡ, ಎಲ್ಲ ಬಡಿತವನ್ನೂ ಒಂದೇ ಮಟ್ಟದಲ್ಲಿ, ಗ್ರಿಡ್ ಮೇಲೆ ಕೂರಿಸಿ. ಎರಡರ ನಡುವೆ ನಿಂತದ್ದು ಅಗ್ಗದ ಡೆಮೊ ಹಾಗೆ ಕೇಳುತ್ತದೆ.

ನಿಜವಾದ ಕಿಕ್ ಮೇಲೆ ಎಲೆಕ್ಟ್ರಾನಿಕ್ ಕಿಕ್ ಇಡುವಾಗ ಫೇಸ್ (ಎರಡು ಅಲೆಗಳ ಏರಿಳಿತ ಹೊಂದುತ್ತದೆಯೇ ಎಂದು) ನೋಡಿ. ಎರಡರ ಅಲೆಯನ್ನೂ ಪರದೆಯಲ್ಲಿ ದೊಡ್ಡದು ಮಾಡಿ, ಮೊದಲ ಉಬ್ಬು ಒಂದೇ ಕಡೆ ಬರುವಂತೆ ಸರಿಸಿ. ಒಂದರ ಪೊಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ಕೇಳಿ. ಯಾವ ಸ್ಥಿತಿಯಲ್ಲಿ ತಳ ಗಟ್ಟಿಯಾಗಿ ಕೇಳುತ್ತದೋ ಅದೇ ಸರಿ.

ಹೆಜ್ಜೆ 6: ಗಿಟಾರ್ ರೆಕಾರ್ಡಿಂಗ್

ಆಂಪ್ ಬಳಸಿದರೂ ಸರಿ, ಜೊತೆಗೆ ಗಿಟಾರ್‌ನ ಒಣ ಸಿಗ್ನಲ್, ಅಂದರೆ ಡಿಐ ಟ್ರ್ಯಾಕನ್ನು ತಪ್ಪದೆ ರೆಕಾರ್ಡ್ ಮಾಡಿ. ಸಿಂತ್ ದನಿಗಳು ಕೊನೆಯವರೆಗೂ ಬದಲಾಗುತ್ತಿರುತ್ತವೆ. ಆಗ ಗಿಟಾರ್ ಟೋನ್ ಕೂಡ ಬದಲಿಸಬೇಕಾಗುತ್ತದೆ. ಡಿಐ ಇದ್ದರೆ ಮತ್ತೆ ನುಡಿಸದೆಯೇ ರೀ-ಆಂಪ್ ಮಾಡಬಹುದು, ಅಂದರೆ ಅದೇ ಸಿಗ್ನಲನ್ನು ಮತ್ತೆ ಆಂಪ್‌ಗೆ ಕಳಿಸಬಹುದು. 24 ಬಿಟ್, 48 ಕಿಲೋಹರ್ಟ್ಜ್ ಸಾಕು. ಬಫರ್ (ಕಂಪ್ಯೂಟರ್ ಒಮ್ಮೆಗೆ ಸಂಸ್ಕರಿಸುವ ದನಿಯ ತುಂಡು) 128 ಸ್ಯಾಂಪಲ್ ಇದ್ದರೆ ಆ ಬಫರ್‌ನಿಂದಾಗುವ ವಿಳಂಬ 3 ಮಿಲಿಸೆಕೆಂಡ್‌ಗಿಂತ ಕಡಿಮೆ, ಬೆರಳಿಗೆ ಗೊತ್ತಾಗುವುದಿಲ್ಲ.

ಶ್ರುತಿಯ ಬಗ್ಗೆ ಇನ್ನಿಲ್ಲದಷ್ಟು ಎಚ್ಚರ ಬೇಕು. ಬರೀ ಗಿಟಾರ್ ಇರುವ ಹಾಡಿನಲ್ಲಿ ಸಣ್ಣ ಅಪಸ್ವರ ಮುಚ್ಚಿಹೋಗುತ್ತದೆ. ಸಿಂತ್ ಕೂದಲೆಳೆಯಷ್ಟೂ ಅಲುಗಾಡದು, ಹಾಗಾಗಿ ಅದರ ಪಕ್ಕದಲ್ಲಿ ಗಿಟಾರ್‌ನ ಪ್ರತಿ ತಪ್ಪೂ ಬಯಲಾಗುತ್ತದೆ. ಕೆಳಗೆ ಟ್ಯೂನ್ ಮಾಡಿದ ಸಡಿಲ ತಂತಿಯನ್ನು ಜೋರಾಗಿ ಹೊಡೆದರೆ ಮೊದಲ ಕ್ಷಣದಲ್ಲಿ ಸ್ವರ ಮೇಲಕ್ಕೆ ಜಿಗಿದು ಆಮೇಲೆ ಇಳಿಯುತ್ತದೆ. ರಿಫ್‌ನಲ್ಲಿ ಕೇಳುವುದು ಆ ಮೊದಲ ಕ್ಷಣವೇ. ಆದ್ದರಿಂದ ಮೆಲ್ಲಗೆ ಮೀಟಿ ಟ್ಯೂನ್ ಮಾಡಬೇಡಿ, ರಿಫ್‌ನಲ್ಲಿ ಹೊಡೆಯುವಷ್ಟೇ ಗಟ್ಟಿಯಾಗಿ ಹೊಡೆದು ಟ್ಯೂನ್ ಮಾಡಿ. ಪ್ರತಿ ಟೇಕ್‌ಗೂ ಮುಂಚೆ ಮತ್ತೆ ನೋಡಿ. ದಪ್ಪ ತಂತಿ ಹಾಕಿಸಿ, ಇಂಟೋನೇಷನ್ (ಪ್ರತಿ ಫ್ರೆಟ್‌ನಲ್ಲೂ ಶ್ರುತಿ ಕೂರುವಂತೆ ಹೊಂದಿಸುವುದು) ಸರಿ ಮಾಡಿಸಿ.

ರಿದಮ್ ಗಿಟಾರನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿ, ಒಂದು ಪೂರ್ತಿ ಎಡಕ್ಕೆ, ಒಂದು ಪೂರ್ತಿ ಬಲಕ್ಕೆ. ಒಂದೇ ಟೇಕ್ ನಕಲು ಮಾಡಿದರೆ ಅಗಲ ಬರುವುದಿಲ್ಲ. ಗೇನ್ (ಡಿಸ್ಟಾರ್ಷನ್‌ನ ಪ್ರಮಾಣ) ನಿಮಗೆ ಬೇಕೆನ್ನಿಸಿದ್ದಕ್ಕಿಂತ ಸ್ವಲ್ಪ ಕಡಿಮೆ ಇಡಿ, ಎರಡು ಟ್ರ್ಯಾಕ್ ಸೇರಿದಾಗ ತಾನಾಗಿಯೇ ದಪ್ಪವಾಗುತ್ತದೆ.

ಹೆಜ್ಜೆ 7: ಗಾಯನ

ಕಿರುಚು ಗಾಯನಕ್ಕೆ ಸ್ಪಷ್ಟ ಸ್ವರ ಇರುವುದಿಲ್ಲ. ಇದೇ ವೋಕೋಡರ್‌ಗೆ (ಗಾಯನದ ಆಕಾರವನ್ನು ಸಿಂತ್ ದನಿಗೆ ಹಚ್ಚುವ ಉಪಕರಣ) ಒಳ್ಳೆಯ ಅವಕಾಶ. ಕಿರುಚನ್ನು ವೋಕೋಡರ್‌ನ ಮಾಡ್ಯುಲೇಟರ್ ಮಾಡಿ, ಸಿಂತ್ ಕಾರ್ಡನ್ನು ಕ್ಯಾರಿಯರ್ ಮಾಡಿ. ಆಗ ಪದಗಳ ಆಕಾರ ಗಂಟಲಿನದು, ಸ್ವರ ಸಿಂತ್‌ನದು. ಮೂಲ ಕಿರುಚಿನ ಕೆಳಗೆ ಇದನ್ನು ಮೆಲ್ಲಗೆ ಇಟ್ಟರೆ ಪಲ್ಲವಿಗೆ ರಾಗ ಬರುತ್ತದೆ, ಕೋಪವೂ ಉಳಿಯುತ್ತದೆ. ಈ ಬೆರಕೆಯಲ್ಲಿ ನನಗೆ ಅತ್ಯಂತ ಇಷ್ಟವಾದ ದನಿ ಇದು.

ಗಂಟಲು ನೋಯಲು ಶುರುವಾದರೆ ಆ ದಿನದ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲಿಸಿ. ಕಿರುಚುವ ಭಾಗಗಳನ್ನು ಬೇರೆ ಬೇರೆ ದಿನಗಳಿಗೆ ಹಂಚಿ.

ಹೆಜ್ಜೆ 8: ಮಿಕ್ಸಿಂಗ್

ತಳ ಆಗಲೇ ಇತ್ಯರ್ಥವಾಗಿದೆ. ಉಳಿದದ್ದು ಮಧ್ಯ ಮತ್ತು ಮೇಲ್ಭಾಗ. ಗಿಟಾರ್ ಕ್ಯಾಬಿನೆಟ್‌ನ ಸ್ಪೀಕರ್ 5–6 ಕಿಲೋಹರ್ಟ್ಜ್ ದಾಟಿದ ಮೇಲೆ ಜೋರಾಗಿ ಕುಸಿಯುತ್ತದೆ. ಅಂದರೆ ಮೇಲಿನ ಜಾಗ ಸಹಜವಾಗಿಯೇ ಖಾಲಿ. ಗಿಟಾರ್‌ಗೆ ಅಲ್ಲಿ ಹೊಳಪು ಸೇರಿಸಲು ಹೋಗಬೇಡಿ, ಸಿಂತ್‌ನ ಮಿನುಗು ಮತ್ತು ಹೈ-ಹ್ಯಾಟ್‌ಗಳಿಗೆ ಅದನ್ನು ಬಿಟ್ಟುಕೊಡಿ. ಗಿಟಾರ್‌ಗಳು ಎಡ ಬಲದಲ್ಲಿರುವುದರಿಂದ ನಡುಭಾಗ ಗಾಯನಕ್ಕೂ ಲೀಡ್ ಸಿಂತ್‌ಗೂ ಸಿಗುತ್ತದೆ. ಅವರಿಬ್ಬರೂ ಒಟ್ಟಿಗೆ ಬರುವ ಕಡೆ ಸಿಂತ್ ತಗ್ಗಲಿ.

ರಿವರ್ಬ್ ಬಗ್ಗೆ ಒಂದು ಮಾತು. ಬಿಗಿಯಾದ ಪಾಮ್-ಮ್ಯೂಟ್ (ಅಂಗೈಯಿಂದ ತಂತಿ ಒತ್ತಿ ಮೊಟಕಾಗಿಸಿದ) ರಿಫ್ ಮೇಲೆ ಉದ್ದನೆಯ ರಿವರ್ಬ್ (ಅನುರಣನ) ಇರುವ ಸಿಂತ್ ಬಂದರೆ ರಿಫ್‌ನ ನಡುವಿನ ಮೌನಗಳೆಲ್ಲ ತುಂಬಿಹೋಗುತ್ತವೆ. ರಿಫ್‌ಗೆ ಬಲ ಕೊಡುವುದೇ ಆ ಮೌನ. ಅಲ್ಲಿ ರಿವರ್ಬ್‌ಗೆ ಗೇಟ್ (ಮಟ್ಟ ಇಳಿದಾಗ ದನಿಯನ್ನು ಮುಚ್ಚುವ ಎಫೆಕ್ಟ್) ಹಾಕಿ, ಇಲ್ಲವೇ ಕಿಕ್‌ನಿಂದ ತಗ್ಗಿಸಿ.

ಇಡೀ ಮಿಕ್ಸನ್ನು ಮೋನೋದಲ್ಲಿ ಕೇಳಿ. ಅಗಲವಾದ ಸಿಂತ್ ಮಾಯವಾದರೆ ಅದರ ಸ್ಟೀರಿಯೊ ಎಫೆಕ್ಟ್ ಕಡಿಮೆ ಮಾಡಿ. ದನಿ ತೀರಾ ಮೆಲ್ಲಗಿಟ್ಟೂ ಕೇಳಿ. ಆಗಲೂ ಸ್ನೇರ್, ಗಾಯನ ಮತ್ತು ಮುಖ್ಯ ರಾಗ ತಿಳಿಯುತ್ತಿದ್ದರೆ ಸಮತೋಲ ಸರಿ ಇದೆ.

ಹೆಜ್ಜೆ 9: ಆಲ್ಬಂ ಜೋಡಣೆ, ಮಾಸ್ಟರಿಂಗ್, ಬಿಡುಗಡೆ

ಎಂಟರಿಂದ ಹತ್ತು ಹಾಡು, 35ರಿಂದ 40 ನಿಮಿಷ ಸಾಕು. ಮೇಲೆ ಹೇಳಿದ ಲಿಂಕಿನ್ ಪಾರ್ಕ್ ಮೊದಲ ಆಲ್ಬಂ ಹನ್ನೆರಡು ಹಾಡುಗಳಿದ್ದೂ 38 ನಿಮಿಷಕ್ಕಿಂತ ಚಿಕ್ಕದು. ಇಷ್ಟು ದಟ್ಟವಾದ ಸಂಗೀತವನ್ನು ಕಿವಿ ಅದಕ್ಕಿಂತ ಜಾಸ್ತಿ ಹೊತ್ತು ತಾಳುವುದು ಕಷ್ಟ. ಎರಡೂ ದನಿಗಳು ಮೊದಲ ನಿಮಿಷದಲ್ಲೇ ಕೇಳುವ ಹಾಡು ಮೊದಲು ಬರಲಿ. ನಡುವೆ ಗಿಟಾರ್ ಇಲ್ಲದ ಒಂದು ಚಿಕ್ಕ ಎಲೆಕ್ಟ್ರಾನಿಕ್ ತುಣುಕು ಇಟ್ಟರೆ ಮುಂದಿನ ರಿಫ್‌ಗೆ ಹಸಿವು ಹುಟ್ಟುತ್ತದೆ.

ಮಾಸ್ಟರಿಂಗ್‌ನಲ್ಲಿ (ಮುಗಿದ ಮಿಕ್ಸ್‌ಗೆ ಕೊಡುವ ಕೊನೆಯ ಹದ) ಜೋರಿನ ಹಿಂದೆ ಓಡಬೇಡಿ. ಸ್ಪಾಟಿಫೈ ತನ್ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು ಸುಮಾರು -14 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತರುತ್ತದೆ. ನೀವು ಹಿಂಡಿ ಹಿಪ್ಪೆ ಮಾಡಿ ಕೊಟ್ಟರೂ ಅದು ಕೆಳಗಿಳಿಸಿಯೇ ಇಡುತ್ತದೆ, ಕಳೆದುಹೋದ ಕಿಕ್‌ನ ಹೊಡೆತ ಮಾತ್ರ ವಾಪಸ್ ಬರುವುದಿಲ್ಲ. ಸಾಧ್ಯವಾದರೆ ಹೊಸ ಕಿವಿಯ ಬೇರೊಬ್ಬರಿಂದ ಮಾಸ್ಟರಿಂಗ್ ಮಾಡಿಸಿ.

ಬಿಡುಗಡೆಗೆ ಮುಂಚೆ ಪ್ರತಿ ಸ್ಯಾಂಪಲ್‌ನ ಪರವಾನಗಿ ನೋಡಿ. ಇನ್ನೊಬ್ಬರ ಹಾಡಿನಿಂದ ತೆಗೆದ ತುಣುಕಿಗೆ ಎರಡು ಅನುಮತಿ ಬೇಕು: ಒಂದು ರಚನೆಯದು, ಇನ್ನೊಂದು ಆ ರೆಕಾರ್ಡಿಂಗ್‌ನದು. ಡಿಸ್ಟ್ರಿಬ್ಯೂಟರ್‌ಗೆ (ಹಾಡನ್ನು ಸ್ಟ್ರೀಮಿಂಗ್ ಸೇವೆಗಳಿಗೆ ತಲುಪಿಸುವ ಸಂಸ್ಥೆ) ಫೈಲ್ ಕೊಡುವಾಗ ಪ್ರತಿ ಹಾಡಿಗೆ ಐಎಸ್‌ಆರ್‌ಸಿ (ರೆಕಾರ್ಡಿಂಗ್‌ನ ಅಂತರರಾಷ್ಟ್ರೀಯ ಗುರುತು) ಸಂಖ್ಯೆ ಮತ್ತು 3000×3000 ಪಿಕ್ಸೆಲ್‌ನ ಮುಖಪುಟ ಸಿದ್ಧವಿರಲಿ. ಬಿಡುಗಡೆಯ ದಿನಕ್ಕಿಂತ ನಾಲ್ಕೈದು ವಾರ ಮೊದಲೇ ಎಲ್ಲ ಸೇರಿಸಿ.

ಹೆಜ್ಜೆ 10: ವೇದಿಕೆಗೆ ಸಿದ್ಧತೆ

ಇದನ್ನು ಆಲ್ಬಂ ಮಾಡುವಾಗಲೇ ಯೋಚಿಸಬೇಕು. ಮಿಕ್ಸ್ ಮುಗಿದ ದಿನವೇ ಪ್ರತಿ ಹಾಡಿನ ಸಿಂತ್, ಸಬ್, ಸ್ಯಾಂಪಲ್ ಮತ್ತು ವೋಕೋಡರ್ ಟ್ರ್ಯಾಕ್‌ಗಳನ್ನು ಬೇರೆ ಬೇರೆ ಆಡಿಯೊ ಫೈಲ್ ಮಾಡಿ ಎರಡು ಕಡೆ ಉಳಿಸಿ. ಸಾಫ್ಟ್‌ವೇರ್ ಬದಲಾದ ಮೇಲೆ ಹಳೆಯ ಸಿಂತ್ ತೆರೆದುಕೊಳ್ಳದೇ ಹೋಗಬಹುದು.

ಆ ಫೈಲ್‌ಗಳಲ್ಲಿ ಕೈಯಿಂದ ನುಡಿಸಬಹುದಾದದ್ದನ್ನೆಲ್ಲ ಪಕ್ಕಕ್ಕಿಟ್ಟು, ಉಳಿದದ್ದರಿಂದ ಬ್ಯಾಕಿಂಗ್ ಟ್ರ್ಯಾಕ್ ಮಾಡಿ. ಮುಖ್ಯ ಸಿಂತ್ ರಾಗವನ್ನು ಯಾರಾದರೂ ವೇದಿಕೆಯ ಮೇಲೆ ನುಡಿಸಲೇಬೇಕು. ನೋಡುವವರ ಕಣ್ಣಿಗೆ ಆ ದನಿಯ ಮೂಲ ಕಾಣದಿದ್ದರೆ ಅರ್ಧ ಬಲ ಹೋಯಿತು. ಕನಿಷ್ಠ ನಾಲ್ಕು ಔಟ್‌ಪುಟ್ ಇರುವ ಆಡಿಯೊ ಇಂಟರ್‌ಫೇಸ್ (ಕಂಪ್ಯೂಟರ್‌ನ ದನಿಯನ್ನು ಹೊರಗೆ ಕಳಿಸುವ ಪೆಟ್ಟಿಗೆ) ತಗೊಳ್ಳಿ: ಎರಡು ಸ್ಟೀರಿಯೊ ಬ್ಯಾಕಿಂಗ್‌ಗೆ, ಒಂದು ಕ್ಲಿಕ್‌ಗೆ, ಒಂದು ಸಬ್‌ಗೆ. ಸಬ್ ಪ್ರತ್ಯೇಕವಾಗಿದ್ದರೆ ಆಯಾ ಜಾಗದ ಸ್ಪೀಕರ್‌ಗೆ ತಕ್ಕಂತೆ ಸೌಂಡ್ ಇಂಜಿನಿಯರ್ ಅದನ್ನು ಏರಿಸಿ ಇಳಿಸಬಹುದು. ಕ್ಲಿಕ್ ಡ್ರಮ್ಮರ್‌ನ ಇಯರ್‌ಫೋನ್‌ಗೆ ಮಾತ್ರ ಹೋಗಲಿ. ಲ್ಯಾಪ್‌ಟಾಪ್ ನಿಂತರೆ ಯಾವ ಹಾಡಿಗೆ ಜಿಗಿಯುವುದು ಎಂದು ಮೊದಲೇ ಗೊತ್ತು ಮಾಡಿಕೊಂಡು, ಆ ಹಾಡನ್ನು ಬರೀ ಗಿಟಾರ್, ಬೇಸ್ ಮತ್ತು ಡ್ರಮ್ಸ್‌ನಲ್ಲಿ ನುಡಿಸಿ ಅಭ್ಯಾಸ ಮಾಡಿಡಿ.